ಮೆಂಬರನ ಹೊಟ್ಟೆಯ ಜೋಳ

ಸಾರವಾಡದ ಮಾಸುಮಬಿಯ ಮನೆಯಿಂದ ಹಸಿದುಕೊಂಡು ಹೊರಗೆ ಹೋದವರನ್ನು ಇದುವರೆಗೆ ಯಾರೂ ನೋಡಿಲ್ಲ. ಗ್ಯಾಸ್ ಸಿಲಿಂಡರ್ ಇಳಿಸಲು ಬಂದವನಿಗೆ ಎರಡು ರೊಟ್ಟಿ. ಕರೆಂಟಿನ ಮೀಟರ್ ನೋಡಲು ಬಂದವನಿಗೂ ಎರಡು ರೊಟ್ಟಿ, ಅದೂ ಅವನು ಬಿಲ್ಲು ಕೈಗೆ ಕೊಟ್ಟ ಮೇಲೆ. ತಪ್ಪು ಬಾಗಿಲು ಬಡಿದು "ಇದು ಯಾರ ಮನಿರಿ?" ಎಂದವನಿಗೂ ರೊಟ್ಟಿ, ಮೇಲೆ ಶೇಂಗಾ ಹಿಂಡಿ.

ಅವಳ ಗಂಡ ಬಂದೇನವಾಜ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಅವನು ಹೇಳುತ್ತಿದ್ದ, "ನಮ್ಮನಿಗೆ ಕಳ್ಳ ಬಂದ್ರೂ ಉಂಡ ಹೋಗಬೇಕಾಗತೈತಿ. ಅದಕ್ಕ ಅಂವ ಬರಂಗಿಲ್ಲ."

ಇಂಥ ಮನೆಯ ಹಿತ್ತಲಿನಲ್ಲಿ ಕೋಳಿಗೂಡು. ಓಣಿ ತುಂಬ ಓಡಾಡುವ ನಾಟಿ ಕೋಳಿಗಳದ್ದಲ್ಲ, ಮಾಂಸಕ್ಕೆಂದೇ ಸಾಕುವ ಬಿಳಿ ಬ್ರಾಯ್ಲರ್ ಕೋಳಿಗಳದ್ದು. ವಿಜಯಪುರದಿಂದ ಮರಿ ತಂದು, ಬಲ್ಬಿನ ಬಿಸಿಯಲ್ಲಿ ಇಟ್ಟು, ಕೆಳಗೆ ಶೇಂಗಾ ಹೊಟ್ಟು ಹಾಸಿ, ಹೊಟ್ಟು ಹಸಿಯಾದರೆ ಬದಲಿಸಿ, ಕೊಕ್ಕರೆ ರೋಗದ ಲಸಿಕೆ ಹೊತ್ತಿಗೆ ಸರಿಯಾಗಿ ಹಾಕಿಸಿ ಮಾಸುಮಬಿ ಅವುಗಳನ್ನು ಬೆಳೆಸುತ್ತಿದ್ದಳು. ಸಾಕುವ ವಿಷಯದಲ್ಲಿ ಅವಳಿಗೆ ಒಂದು ಮಾತು ಹೇಳುವಂತಿರಲಿಲ್ಲ. ತೊಂದರೆ ಇದ್ದದ್ದು ಸಾಕಿದ ಮೇಲೆ.

ಹೋದ ಸಲ ಬಂದೇನವಾಜನ ಅಣ್ಣ ಬುಡ್ಡೇಸಾಬ ವಿಜಯಪುರದ ಜೋರಾಪುರ ಪೇಟೆಯಿಂದ ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಬಂದಿದ್ದ. ಮನೆಯ ಕೋಳಿ, ಮನೆಯ ಮಸಾಲೆ. ಕೈ ಬೆರಳು ನೆಕ್ಕಿಕೊಂಡು ಉಂಡ. ಸಂಜೆ ಬಸ್ಸು ಹತ್ತಿದ. ಮುಂದಿನ ಕಥೆಯನ್ನು ಮಾಸುಮಬಿಯ ಮಗಳು ಶಮಾ ಮಾಡಿ ತೋರಿಸಬೇಕು, ಉಳಿದವರು ನೋಡಬೇಕು. ಶಮಾ ವಿಜಯಪುರದಲ್ಲಿ ಡಿಗ್ರಿ ಓದುತ್ತಾಳೆ. ಯಾರ ದನಿಯನ್ನು ಒಮ್ಮೆ ಕೇಳಿದರೂ ಮರುಗಳಿಗೆಗೆ ಅವರಾಗುತ್ತಾಳೆ. ಹೊಟ್ಟೆ ಹಿಡಿದು, ಬಸ್ಸಿನ ಕಂಬ ಹಿಡಿದು, ದೊಡ್ಡಪ್ಪನ ಗಡುಸು ದನಿ ತೆಗೆದು, "ಕಂಡಕ್ಟರ್ ಸಾಹೇಬ್ರ, ಗಾಡಿ ನಿಲ್ಲಸ್ರಿ! ಇಲ್ಲಾಂದ್ರ ನನ್ನ ಮ್ಯಾಲೆ ಜವಾಬ್ದಾರಿ ಇಲ್ಲ!" ಎಂದು ಅವಳು ಕೂಗಿದರೆ ಬೀದಿಯ ಜನ ಬಂದು ನಿಲ್ಲುತ್ತಾರೆ.

ಆ ದಿನ ಬಸ್ಸು ವಿಜಯಪುರ ಮುಟ್ಟುವುದರೊಳಗೆ ಮತ್ತೆ ಮತ್ತೆ ನಿಂತಿತ್ತು. ಬುಡ್ಡೇಸಾಬನ ಮನೆಯವರೆಲ್ಲ ಮರುದಿನ ದವಾಖಾನೆಯಲ್ಲಿ ಸಲಾಯಿನ್ ಬಾಟಲಿ ನೋಡುತ್ತ ಮಲಗಿದ್ದರು. ಆಮೇಲೆ ಯಾವ ಮದುವೆಯಲ್ಲಿ ಕಂಡರೂ ಅವನದು ಒಂದೇ ಮಾತು: "ಸಾರವಾಡಕ್ಕ ಊಟಕ್ಕ ಹೊಂಟೀರೇನ? ಚೊಂಬ ಒಯ್ರಿ."

ಈಗ ಅದೇ ಬುಡ್ಡೇಸಾಬ ಫೋನ್ ಮಾಡಿದ್ದ.

"ಐತವಾರ ಎಲ್ಲಾರೂ ಕೂಡಿ ಬರಾಕತ್ತೇವಿ. ಊಟ ಗೀಟ ಏನೂ ಬ್ಯಾಡವಾ. ಬರೇ ಚಾ ಕುಡದ ಹೋಗತೇವಿ."

ಬರೇ ಚಾ! ಮಾಸುಮಬಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ಹಂಗ ಹೆಂಗ ಹೋಗತೀರಿ ಬಾವಾರ? ಉಂಡ ಹೋಗಬೇಕು. ನಮ್ಮ ಕೋಳೀನ ಮಾಡತೇನಿ."

ಆ ಕಡೆ ಬುಡ್ಡೇಸಾಬ ಒಮ್ಮೆ ಕೆಮ್ಮಿದ. ಆಮೇಲೆ, "ನೋಡೂಣು" ಎಂದು ಫೋನ್ ಇಟ್ಟ.

ಬಂದೇನವಾಜ ಪಕ್ಕದಲ್ಲೇ ಇದ್ದ. "ಪ್ಯಾಟಿಯಿಂದ ಕೋಳಿ ತರತೇನಿ. ಸುಮ್ನ ಇರು" ಎಂದ.

"ಗೂಡು ತುಂಬ ಕೋಳಿ ಇಟಗೊಂಡು ಪ್ಯಾಟಿಯಿಂದ ತರೋದೇನ? ಮಂದಿ ನಗಂಗಿಲ್ಲೇನ?"

"ಮಂದಿ ಈಗ ಅಳಾಕತ್ತಾರಂತ ತಿಳಕೊಂಡೀಯೇನ? ಹಂಗಾರ ಒಂದ ಮಾತು ಕೇಳ. ಈ ಸಲ ಅಣ್ಣನ ಹೊಟ್ಟಿ ಕೆಟ್ಟಿತು ಅಂದ್ರ ಗೂಡು ಕಿತ್ತ ಒಗೀತೇನಿ. ನನ್ನ ಬೈಕ್ ಬಿಸಲಾಗ ನಿಂತ ಸೀಟ್ ಒಡದೈತಿ. ಆ ಜಗಾದಾಗ ಗಾಡಿ ನಿಲ್ಲಲಿ. ಸಾಕಿದ್ದು ಸಾಕು."

ಮಾಸುಮಬಿ ಹಿತ್ತಲಿಗೆ ಹೋಗಿ ಗೂಡಿನ ಜಾಲರಿ ಹಿಡಿದು ನಿಂತಳು. ಈ ಗೂಡು ಅವಳ ಸ್ವಂತದ್ದು. ಮೊಳೆ ಹೊಡೆಯುವಾಗ ಬೆರಳು ಜಜ್ಜಿಕೊಂಡದ್ದೂ ಅವಳೇ. ಕೋಳಿಗಳು ಅವಳನ್ನು ಕಂಡು ಓಡಿ ಬಂದವು, ಎಂದಿನ ಹಾಗೆ, ತಿನ್ನಲು ಏನು ತಂದಿದ್ದಾಳೆ ಎಂದು.

ಶನಿವಾರ ಮಧ್ಯಾಹ್ನ ರಾಜೇಶ್ವರಿಯ ಸ್ಕೂಟಿ ಬಾಗಿಲಿಗೆ ಬಂತು. ರಾಜೇಶ್ವರಿ ಅದೇ ಓಣಿಯವಳು, ಮಾಸುಮಬಿಯ ಮಹಿಳಾ ಸಂಘದವಳೇ. ತರಬೇತಿ ಪಡೆದು ಪಶುಸಖಿಯಾಗಿದ್ದಾಳೆ. ಬಬಲೇಶ್ವರದ ಸುತ್ತಿನ ಊರುಗಳಲ್ಲಿ ಎಮ್ಮೆ, ಆಡು, ಕೋಳಿಗಳ ಯೋಗಕ್ಷೇಮ ನೋಡುವುದು ಅವಳ ಕೆಲಸ. ಕೋಳಿಗಳ ಆರೋಗ್ಯ ವಿಚಾರಿಸಲು ಬಂದವಳು ಮೊದಲು ಮಾಸುಮಬಿಯ ಮುಖ ನೋಡಿದಳು.

"ಏನ ಮಾಸುಮಕ್ಕ, ಮಾರಿ ಯಾಕ ಇಷ್ಟ ಸಣ್ಣ ಮಾಡೀದಿ?"

"ನಿಂದ ಚಲೋ ಐತಿ ನೋಡವಾ. ಕೋಳಿ ತಿನ್ನಂಗಿಲ್ಲ, ತಿನಸೂ ಚಿಂತಿ ಇಲ್ಲ."

ಮಾಸುಮಬಿ ಎಲ್ಲ ಹೇಳಿದಳು. ಕೊನೆಗೆ, "ಅವತ್ತ ಯಾರದೋ ದೃಷ್ಟಿ ಬಿದ್ದಿತ್ತು. ಇಲ್ಲಾಂದ್ರ ಮಸಾಲಿ ಜಾಸ್ತಿ ಆಗಿತ್ತು" ಎಂದಳು.

"ದೃಷ್ಟಿ ಬಿಡು. ಅವತ್ತ ಕೊಯ್ಯೂಕಿಂತ ಮೊದಲ ಏನೇನ ಮಾಡಿದ್ರಿ, ಅದನ್ನ ಹೇಳು."

"ಏನ ಮಾಡತೇವಿ? ರಾತ್ರಿ ಅವಕ್ಕ ಹೊಟ್ಟಿ ತುಂಬ ತಿನಸಿದೆ. ಮುಂಜಾನಿ ಎದ್ದ ಕೂಡ್ಲೆ ಮತ್ತ ಜ್ವಾಳ ಹಾಕಿದೆ, ರೊಟ್ಟಿ ನೆನಸಿ ಹಾಕಿದೆ. ಹೋಗಾವು ಅಲ್ಲೇನ ಪಾಪ, ಉಂಡ ಹೋಗ್ಲಿ ಅಂತ."

ರಾಜೇಶ್ವರಿ ಹಣೆಗೆ ಕೈ ಹಚ್ಚಿದಳು. "ಆಮ್ಯಾಲೆ?"

"ಸ್ವಚ್ಛ ಮಾಡೂ ಮುಂದ ಎರಡ ಮೂರ ಕೋಳೀವು ಒಳಗ ಒಡದ್ವು. ಒಡೀತಾವ ಬಿಡು. ಬಕೀಟಿನ್ಯಾಗ ಅದ್ದಿ ಅದ್ದಿ ತೊಳದೆ."

"ಎಲ್ಲಾ ಕೋಳಿ ಒಂದ ಬಕೀಟಿನ್ಯಾಗ?"

"ಮತ್ತೇನ, ಒಂದೊಂದಕ್ಕ ಒಂದೊಂದ ಬಚ್ಚಲಾ ಕಟ್ಟಸ್ಲೇನ?"

"ಆತು. ಮುಂದ?"

"ಫ್ರಿಜ್ಜಿನ್ಯಾಗ ಇಟ್ರ ರುಚಿ ಹೋಗತೈತಿ ಅಂತ ಗಡಿಗ್ಯಾಗ ತುಂಬಿ ಮುಚ್ಚಿ ಇಟ್ಟೆ. ಬಾವಾರು ಮುಂಜಾನಿ ಬಸ್ಸಿಗೆ ಬರತೇನಿ ಅಂದವ್ರು ಮಧ್ಯಾಹ್ನ ಬಂದ್ರು. ಅವರ ಬಂದ ಮ್ಯಾಲೆ ಬಿಸೀದ ಮಾಡಿ ಹಾಕೂಣು ಅಂತ ನಾ ಒಲಿ ಹಚ್ಚಿರಲಿಲ್ಲ. ಹಸದ ಬಂದಾರ, ಭಾಳ ಹೊತ್ತ ಕುಂದರಿಸಬಾರದು ಅಂತ ಗಡಬಡ ಮಾಡಿ ಕುದಿಸಿ ಇಳಿಸಿದೆ."

ರಾಜೇಶ್ವರಿ ನಗಬಾರದೆಂದು ಸೆರಗು ಬಾಯಿಗೆ ಹಿಡಿದಳು. ನಗು ಕಣ್ಣಿನಿಂದ ಹೊರಬಂತು. ಎಲ್ಲ ತಪ್ಪೂ ಪ್ರೀತಿಯಿಂದಲೇ ಆಗಿತ್ತು.

"ಮಾಸುಮಕ್ಕ, ಕೋಳಿ ಹೊಟ್ಟಿ ತುಂಬಿಸಿ ಬಾವಾರ ಹೊಟ್ಟಿ ಖಾಲಿ ಮಾಡಿಸಿದಿ ನೋಡ."

"ಅಂದ್ರ?"

"ಕೋಳಿ ಕರಳಿನ್ಯಾಗ ಕಣ್ಣಿಗೆ ಕಾಣದ ರೋಗಾಣು ಇರತಾವ. ಕೋಳಿಗೆ ಅವು ಏನೂ ಮಾಡದಿದ್ರೂ ನಮಗ ಬ್ಯಾನಿ ತರತಾವ. ಹೊಟ್ಟಿ ತುಂಬಿದ್ರ ಒಳಗಿನ ಚೀಲ ಉಬ್ಬಿರತಾವ. ಚೂರಿ ತಾಗಿದ್ರ ಒಡದು ಹೊಲಸೆಲ್ಲಾ ಮಾಂಸಕ್ಕ ಹತ್ತತೈತಿ. ಆ ಹೊಲಸನ್ನ ನೀ ಬಕೀಟಿನ್ಯಾಗ ಅದ್ದಿ ಎಲ್ಲಾ ಕೋಳಿಗೂ ಸಮ ಹಂಚಿದಿ. ಮ್ಯಾಲೆ ಬೆಚ್ಚಗ ಮುಚ್ಚಿಟ್ಟಿ. ರೋಗಾಣು ಉಂಡು, ಮಲಗಿ, ಮಕ್ಕಳು ಮರಿ ಮಾಡಿಕೊಂಡ್ವು. ಅರಬರ ಕುದಿಸಿದ್ದಕ್ಕ ಅವು ಸಾಯ್ಲೂ ಇಲ್ಲ. ನಿನ್ನ ಮನ್ಯಾಗ ಅವಕ್ಕೂ ಬೀಗರ ಉಪಚಾರ ಆತು."

ಬಂದೇನವಾಜ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದವನು ಹೊರಗೆ ಬಂದ. "ಹಂಗಾರ ಏನ ಮಾಡಬೇಕವಾ?"

"ಇವತ್ತ ಸಂಜಿಯಿಂದ ನಾಳೆ ಕೊಯ್ಯೂ ಕೋಳಿಗೆ ಮೇವು ಬಂದ್. ಬರೇ ನೀರು. ಮುಂಜಾನಿ ಹೊತ್ತಿಗೆ ಹೊಟ್ಟಿ ಖಾಲಿ ಆಗಿರತೈತಿ. ಒಂದ ರಾತ್ರಿ ಅಷ್ಟ ಮತ್ತ, ಇಡೀ ದಿನ ಉಪವಾಸ ಕೆಡವಬಾರದು."

ಮಾಸುಮಬಿ ಎದ್ದು ನಿಂತಳು. "ಅದೊಂದ ಆಗಂಗಿಲ್ಲ. ನಮ್ಮನಿಯಿಂದ ಇವತ್ತಿನ ತನಕ ಯಾರೂ ಹಸದ ಹೋಗಿಲ್ಲ. ಕೋಳಿ ಹಸದ ಹೋಗಬೇಕೇನ? ಅವಕ್ಕೇನ ಬಾಯಿ ಇಲ್ಲಂತನ? ನೀ ಕೋಳಿ ತಿನ್ನಾಕಿ ಅಲ್ಲ, ನಿನಗ ಹೆಂಗ ತಿಳೀತೈತಿ?"

"ಡಾಕ್ಟರ್ ಏನ ಜ್ವರ ತಿಂತಾರೇನಕ್ಕ? ನನ್ನ ಮಾತ ಬಿಡು. ನಿನ್ನ ಹೊಟ್ಟ್ಯಾಗಿನ ಕಲ್ಲ ತಗಸಾಕ ವಿಜಯಪುರ ದವಾಖಾನಿಗೆ ಹೋಗಿದ್ದಿ. ಆಪರೇಶನ್ ಹಿಂದಿನ ರಾತ್ರಿ ಏನ ಉಂಡಿದ್ದಿ?"

"ಏನೂ ಇಲ್ಲ. ತಿನ್ನಬ್ಯಾಡ ಅಂದಿದ್ರು. ನೀರ ಸುದ್ದಾ ಕೊಡಲಿಲ್ಲ."

"ಆ ಡಾಕ್ಟರಗೋಳು ಜುಗ್ಗರೇನ?"

ಶಮಾ ಒಳಗಿನಿಂದಲೇ ತಾಯಿಯ ಅಂದಿನ ದನಿ ತೆಗೆದಳು: "ಯಪ್ಪಾ ಡಾಕ್ಟರ, ಅರ್ಧ ರೊಟ್ಟೀರ ಕೊಡ್ರಿ. ಹೊಟ್ಟಿ ಕೊಯ್ಯೂ ಮಂದೀಗೂ ಕೊಡತೇನಿ!"

ಮಾಸುಮಬಿ ನಗುತ್ತಲೇ ಬೈದಳು. "ಸುಮ್ನ ಕುಂದರ ಬೇ!"

"ಕೋಳಿ ನಸೀಬು ನಿನಗಿಂತ ಚಲೋ ಅಕ್ಕ. ಅವಕ್ಕ ನೀರ ಇರತೈತಿ" ಎಂದಳು ರಾಜೇಶ್ವರಿ.

"ನೀರ ಕುಡಿಸಿ ಕೊಯ್ಯಬೇಕು ಅಂತ ನಮ್ಮ ಹಿರ್ಯಾರೂ ಹೇಳ್ಯಾರ" ಎಂದ ಬಂದೇನವಾಜ. "ಜ್ವಾಳ ಹಾಕಿ ಕೊಯ್ರಿ ಅಂತ ಯಾರೂ ಹೇಳಿಲ್ಲ. ಅದು ನಿಂದ ಕಾಯ್ದೆ."

ಮಾಸುಮಬಿ ಮುಖ ಊದಿಸಿಕೊಂಡು "ಆತು" ಎಂದಳು. ಅವಳ ಆತುಗಳಲ್ಲಿ ಎರಡು ಬಗೆ, ಒಪ್ಪಿ ಮಾಡುವುದು ಮತ್ತು ಬರೇ ಬಾಯಿಮಾತಿಗೆ ಅನ್ನುವುದು. ಇದು ಎರಡನೆಯದು.

ರಾಜೇಶ್ವರಿ ಗೂಡಿಗೆ ಹೋಗಿ ಕೋಳಿಗಳನ್ನು ನೋಡಿದಳು. ಎಲ್ಲ ಚುರುಕಾಗಿದ್ದವು. ಇತ್ತೀಚೆಗೆ ಔಷಧಿ ಏನೂ ಕೊಟ್ಟಿಲ್ಲವಲ್ಲ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಔಷಧಿ ಕೊಟ್ಟಿದ್ದರೆ ಡಾಕ್ಟರು ಹೇಳಿದಷ್ಟು ದಿನ ಕಳೆಯುವ ತನಕ ಆ ಕೋಳಿಯನ್ನು ತಿನ್ನುವಂತಿಲ್ಲ.

"ರೆಕ್ಕಿ ಇಳಿಬಿಟ್ಟು ತೂಕಡಸೂ ಕೋಳಿ ಇದ್ರ ಕೊಯ್ಯಾಕ ಹೋಗಬ್ಯಾಡ್ರಿ. ನನಗ ಫೋನ್ ಮಾಡ್ರಿ."

"ಸಾಯೂದಕ್ಕಿಂತ ಮೊದಲ ಕೊಯ್ದ ತಿಂದ್ರಾತು ಅಂತಾರಲ್ಲ ಮಂದಿ?" ಎಂದಳು ಶಮಾ.

"ಅಂತಾರವಾ. ಆಮ್ಯಾಲೆ ದವಾಖಾನಿ ಪಾಳೇದಾಗೂ ಅವರ ನಿಂತಿರತಾರ."

ಐದು ಕೋಳಿಗಳನ್ನು ಆರಿಸಿ ಬೇರೆ ಪಂಜರಕ್ಕೆ ಹಾಕಿ, ನೀರಿನ ತಟ್ಟೆ ಇಟ್ಟರು. ಆ ಐದರಲ್ಲಿ ಒಂದು ಎಲ್ಲಕ್ಕಿಂತ ದಪ್ಪ. ಎಲ್ಲರಿಗಿಂತ ಮೊದಲು ಕೂಗುವುದು, ಎಲ್ಲರ ಪಾಲಿಗೂ ಕೊಕ್ಕು ಹಾಕುವುದು, ತಿಂದ ಮೇಲೆ ತನಗೇನೂ ಸಿಕ್ಕೇ ಇಲ್ಲ ಎನ್ನುವ ಹಾಗೆ ನಿಲ್ಲುವುದು. ಬಂದೇನವಾಜ ಅದಕ್ಕೆ ಮೆಂಬರ ಎಂದು ಹೆಸರಿಟ್ಟಿದ್ದ. ಯಾವ ಊರಿನ ಪಂಚಾಯಿತಿ ಮೆಂಬರರು ಎಂದು ಅವನು ಹೇಳಿರಲಿಲ್ಲ. ಕೇಳಿದವರು ಯಾರೂ ಹೇಳೆಂದು ಕಾಡಿರಲೂ ಇಲ್ಲ.

ಬೆಳಗಿನ ನಮಾಜಿಗೆ ಎದ್ದ ಮಾಸುಮಬಿ ಎಂದಿನಂತೆ ಗೂಡಿನ ಉಳಿದ ಕೋಳಿಗಳಿಗೆ ಮೇವು ಸುರಿದಳು. ಕಟ ಕಟ ಕಟ ಎಂದು ಅವು ತಿನ್ನತೊಡಗಿದವು. ಆ ಸಪ್ಪಳ ಕೇಳಿ ಪಂಜರದ ಐದೂ ಎದ್ದು ಕತ್ತು ಚಾಚಿದವು. "ಕ್ವಾ... ಕ್ವಾಕ್... ಕ್ವಾಕ್ ಕ್ವಾಕ್!" ಎಂದು ಮೆಂಬರ ಜಾಲರಿಗೆ ಎದೆ ಕೊಟ್ಟು ಭಾಷಣ ಶುರು ಮಾಡಿತು. ಎದುರಿಗೇ ಪಂಕ್ತಿ ಕೂತಿದೆ, ಇವಕ್ಕೆ ಮಾತ್ರ ಎಲೆ ಇಲ್ಲ.

ಮಾಸುಮಬಿಯ ಕರುಳು ತಡೆಯಲಿಲ್ಲ. ಬಟ್ಟಲಲ್ಲಿ ಜೋಳ ತುಂಬಿ ತಂದು, ಆಚೆ ಈಚೆ ನೋಡಿ, ಒಂದು ಬೊಗಸೆ ಪಂಜರದೊಳಗೆ ಸುರಿದಳು. ಎರಡನೆಯ ಬೊಗಸೆಗೆ ಕೈ ಹಾಕಿದ್ದಷ್ಟೆ, ಹಿತ್ತಲ ಗೋಡೆಯ ಹಿಂದಿನಿಂದ ರಾಜೇಶ್ವರಿಯ ದನಿ ಬಂತು.

"ಮಾಸುಮಕ್ಕ, ಕೈಯಾಗೇನ ಐತಿ?"

ಬಟ್ಟಲು ಕೈಜಾರಿ ನೆಲದ ತುಂಬ ಜೋಳ ಚೆಲ್ಲಿತು. ಗೋಡೆಯ ಹಿಂದಿನಿಂದ ಬಂದದ್ದು ಶಮಾ. ಹೊಟ್ಟೆ ಹಿಡಿದು ನಗುತ್ತಿದ್ದಳು.

"ನಿನ್ನ ನಕಲಿಗೆ ಬೆಂಕಿ ಹಚ್ಚ! ಜೀವ ಹೋಗಿತ್ತಲ್ಲ ಬೇ!"

"ಖರೇ ಹೇಳಮ್ಮಾ, ಹಾಕೀಯೇನ?"

"ಇಲ್ಲವಾ. ಹಾಕಬೇಕು ಅನ್ನೂದರಾಗ ನೀ ಬಂದಿ."

ಪಂಜರದೊಳಗೆ ಆ ಹೊತ್ತಿಗೆ ಒಂದು ಕಾಳೂ ಉಳಿದಿರಲಿಲ್ಲ. ಉಳಿದ ನಾಲ್ಕನ್ನು ಮೂಲೆಗೆ ತಳ್ಳಿ ಇಡೀ ಬೊಗಸೆಯನ್ನು ಮೆಂಬರ ಒಬ್ಬನೇ ಮುಗಿಸಿದ್ದ. ಈಗ ಏನೂ ಸಿಕ್ಕಿಲ್ಲ ಎನ್ನುವ ಹಾಗೆ ನಿಂತಿದ್ದ.

ಹೊತ್ತು ಏರುವ ಮೊದಲೇ ಹಿತ್ತಲಲ್ಲಿ ಕೆಲಸ ಶುರುವಾಯಿತು. ಹಲಗೆಯನ್ನೂ ಪಾತ್ರೆಗಳನ್ನೂ ಬಿಸಿನೀರಲ್ಲಿ ತೊಳೆದಿದ್ದರು. ಚೂರಿ ಹರಿತವಾಗಿತ್ತು. ಕಾಯಿಪಲ್ಯ ಹೆಚ್ಚುವ ಇಳಿಗೆಯನ್ನು ರಾಜೇಶ್ವರಿ ಹೇಳಿದ್ದರಿಂದ ಅಡುಗೆಮನೆಯಿಂದ ಹೊರಗೇ ತಂದಿರಲಿಲ್ಲ. ಬಾವಿಯಿಂದ ದೂರದಲ್ಲಿ, ಬೇಲಿಯ ಮೂಲೆಗೆ, ಒಂದು ಆಳವಾದ ಗುಂಡಿ ತೋಡಿದ್ದರು.

ರಾಜೇಶ್ವರಿಯೂ ಬಂದಳು. ಬಂದವಳು ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತಳು.

"ಜೀವಂತ ಇದ್ದಾಗ ಅಷ್ಟ ನನ್ನ ಡ್ಯೂಟಿ. ನಾ ಈ ಕಡೆ ಮಾರಿ ಮಾಡಿ ಕುಂದರತೇನಿ. ಕಿವಿ ಮಾತ್ರ ನಿಮ್ಮ ಕಡೆ ಇರತಾವ."

ಕಿವಿ ಇದ್ದವು, ಚೆನ್ನಾಗಿಯೇ ಇದ್ದವು. ಬಂದೇನವಾಜ ಅಲ್ಲಾಹನ ಹೆಸರು ಹೇಳಿ ಮೊದಲ ಕೋಳಿ ಕೊಯ್ದ. ತಳ ಕತ್ತರಿಸಿದ ಬಣ್ಣದ ಡಬ್ಬಿಯೊಳಗೆ ತಲೆ ಕೆಳಗಾಗಿ ಇಳಿಬಿಟ್ಟು ರಕ್ತ ಪೂರ್ತಿ ಇಳಿಯಲು ಬಿಟ್ಟ. ಚರ್ಮ ಸುಲಿದು ಹೊಟ್ಟೆ ಬಿಡಿಸಿದರು. ಒಳಗಿನದೆಲ್ಲ ಬಾಡಿದ ಬಳ್ಳಿಯ ಹಾಗೆ ಮೆತ್ತಗೆ, ಒಂದೂ ಹರಿಯದೆ, ಒಂದೇ ಎಳೆತಕ್ಕೆ ಹೊರಗೆ ಬಂತು. ಮಾಸುಮಬಿ ಕಣ್ಣರಳಿಸಿ ನೋಡಿದಳು. ಕಲೇಜಿಗೆ ಅಂಟಿದ್ದ ಪಿತ್ತದ ಚೀಲವನ್ನೂ ಒಡೆಯದಂತೆ ತೆಗೆದಳು.

"ನೀರ ಸುರಿಯೂ ಸಪ್ಪಳ ಬರವಲ್ದು!" ಗೋಡೆಗೆ ಹೇಳಿದಳು ರಾಜೇಶ್ವರಿ. "ಬಕೀಟಿನ್ಯಾಗ ಅದ್ದಾಕತ್ತೀಯೇನಕ್ಕ?"

ಬಕೀಟಿನ ಮೇಲೆ ಕೋಳಿ ಹಿಡಿದಿದ್ದ ಮಾಸುಮಬಿ ಬೆಚ್ಚಿ ಕೈ ಹಿಂದೆಗೆದಳು. ಶಮಾ ಚೆಂಬಿನಿಂದ ಮೇಲಿನಿಂದ ಮೆಲ್ಲಗೆ ನೀರು ಸುರಿದಳು. ಹೊಲಸು ಕೆಳಗೆ ಹರಿದು ಹೋಯಿತು. ತೊಳೆದ ಕೋಳಿ ಸ್ವಚ್ಛ ಪಾತ್ರೆಯಲ್ಲಿ ನೇರ ಫ್ರಿಜ್ಜಿಗೆ ಹೋಯಿತು. ಎರಡನೆಯದೂ ಹಾಗೆಯೇ ಆಯಿತು.

ಮೂರನೆಯದು ಮೆಂಬರ.

ಚರ್ಮ ಸುಲಿಯುತ್ತ ಕತ್ತಿನ ಬುಡಕ್ಕೆ ಬಂದಾಗ ಅಲ್ಲಿ ಚೆಂಡಿನಂತೆ ಏನೋ ಉಬ್ಬಿತ್ತು. "ಇದೇನ ಗಂಟು?" ಎನ್ನುತ್ತ ಬಂದೇನವಾಜ ಚೂರಿಯ ತುದಿ ತಾಗಿಸಿದ. ಟಪ್ ಎಂದು ಮೇವಿನ ಚೀಲ ಒಡೆದು, ಜೋಳದ ಕಾಳು, ಹುಳಿ ನೀರು, ಲೋಳೆ ಎಲ್ಲ ಬಿಳಿ ಮಾಂಸದ ಮೇಲೆ, ಹಲಗೆಯ ಮೇಲೆ, ಅವನ ಕೈಮೇಲೆ ಹರಿಯಿತು.

"ಏನೋ ವಾಸನಿ ಬಂತಲ್ಲ!" ಗೋಡೆಯ ಕಡೆಯಿಂದ ಮಾತು ಬಂತು.

ಬಂದೇನವಾಜ ಒಂದು ಕಾಳನ್ನು ಎರಡು ಬೆರಳಲ್ಲಿ ಎತ್ತಿ ಹೆಂಡತಿಯ ಮುಖದ ಮುಂದೆ ಹಿಡಿದ.

"ಮಾಸುಮ, ನಿನ್ನೆ ಸಂಜಿಗೆ ಮೇವು ಬಂದ್ ಆಗಿತ್ತು ಅಂದಿ."

"ಆಗಿತ್ತ್ರಿ."

"ಹಂಗಾರ ಮೆಂಬರಗ ಯಾರ ಕೊಟ್ರು?"

ಮಾಸುಮಬಿ ತಲೆ ತಗ್ಗಿಸಿದಳು. "ಒಂದ ಬೊಗಸಿ. ಅಷ್ಟ. ಕೂಗಾಕತ್ತಿತ್ರಿ, ನೋಡಲಾರದ ಹಾಕಿದೆ. ಐದಕ್ಕೂ ಹಾಕಿದ್ದೆ, ಒಂದ ತಿಂದೈತಿ."

"ಮೆಂಬರ ಅಲ್ಲೇನ" ಎಂದಳು ಶಮಾ.

ಮಾಸುಮಬಿ ಒಡೆದ ಕೋಳಿಯನ್ನು ಎತ್ತಿಕೊಂಡಳು. "ತೊಳೀತೇನಿ ತಗೋ. ಎರಡ ಕೊಡ ನೀರ ಹಾಕತೇನಿ. ಹೋಗಂಗಿಲ್ಲೇನ?"

ರಾಜೇಶ್ವರಿ ಈಗ ತಿರುಗಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ. "ಹೋದ ಸಲನೂ ನೀ ಹಿಂಗ ತೊಳದಿದ್ದಿ ಅಕ್ಕ. ಹೊಲಸ ಕಾಣದಂಗ ಆಗತೈತಿ, ಹೋಗಂಗಿಲ್ಲ. ಅದನ್ನ ಗಡಿಗಿಗೆ ಹಾಕಬ್ಯಾಡ."

ಮಾಸುಮಬಿ ಕೈಯಲ್ಲಿದ್ದ ಕೋಳಿಯನ್ನು ನೋಡಿದಳು. ಐದರಲ್ಲಿ ಎಲ್ಲಕ್ಕಿಂತ ದೊಡ್ಡದು. ಆರು ವಾರ ಕೈಯಾರೆ ತಿನ್ನಿಸಿ ಬೆಳೆಸಿದ್ದು. ಈ ಮನೆಯಲ್ಲಿ ತುತ್ತು ಅನ್ನ ಕೂಡ ಬಚ್ಚಲಿಗೆ ಚೆಲ್ಲಿದ್ದಿಲ್ಲ. ಆಮೇಲೆ ಅವಳು ಪಕ್ಕದಲ್ಲಿದ್ದ ಮೊದಲೆರಡು ಕೋಳಿಗಳ ಖಾಲಿ ಕರುಳಿನ ಬುಟ್ಟಿ ನೋಡಿದಳು, ಹಲಗೆಯ ಮೇಲೆ ಹರಿದ ಹುಳಿ ನೀರು ನೋಡಿದಳು. ಒಂದೇ ಗೂಡಿನ ಕೋಳಿಗಳು. ನಡುವೆ ಇದ್ದದ್ದು ಒಂದು ಬೊಗಸೆ ಜೋಳ.

"ಹೋದ ಸಲ ಅಷ್ಟೂ ಕೋಳಿಗೆ ನಾ ಹಿಂಗ ಮಾಡಿದ್ನಲ್ಲ" ಎಂದಳು ಮೆಲ್ಲಗೆ. "ಬಾವಾರ ಮಕ್ಕಳಿಗೆ ನಾನ ಉಣಿಸಿದೆ."

ತಾನೇ ಎದ್ದು ಹೋಗಿ ಮೆಂಬರನನ್ನು ಗುಂಡಿಗೆ ಹಾಕಿದಳು. ಬಂದೇನವಾಜ ಕೈಗೆ, ಚೂರಿಗೆ, ಹಲಗೆಗೆ ಸಾಬೂನು ಹಚ್ಚಿ ಬಿಸಿನೀರಲ್ಲಿ ಮತ್ತೆ ತೊಳೆದ. ಉಳಿದ ಎರಡು ಕೋಳಿ ಮುಗಿಸಿ, ಕರುಳು ಪುಚ್ಚ ಎಲ್ಲವನ್ನೂ ಅದೇ ಗುಂಡಿಗೆ ಸುರಿದು, ಸುಣ್ಣ ಚೆಲ್ಲಿ, ನಾಯಿ ಕೆದರದಷ್ಟು ಮಣ್ಣು ಮುಚ್ಚಿದರು. ಶಮಾ ಗಂಟಲು ಸರಿಮಾಡಿಕೊಂಡು ಸಭೆಯ ದನಿ ತೆಗೆದಳು: "ನಮ್ಮನ್ನು ಅಗಲಿದ ಮಾನ್ಯ ಸದಸ್ಯರು ಕೊನೆಯ ಗಳಿಗೆಯವರೆಗೂ ಎಲ್ಲರ ಪಾಲನ್ನು ತಾವೇ ಹೊತ್ತಿದ್ದರು..."

ಮಾಸುಮಬಿಗೂ ನಗು ಬಂತು.

ಐದರ ಜಾಗದಲ್ಲಿ ನಾಲ್ಕಾಯಿತು. ಆಲೂಗಡ್ಡೆ ಸೇರಿತು. ಈ ಸಲ ಅವಳು ಬಸ್ಸಿನ ದಾರಿ ಕಾಯಲಿಲ್ಲ, ಹೊತ್ತಿಗೆ ಸರಿಯಾಗಿ ಒಲೆ ಹಚ್ಚಿದಳು. ಎಲುಬಿನ ಹತ್ತಿರದ ಕೆಂಪು ಪೂರ್ತಿ ಹೋಗುವ ತನಕ ಇಳಿಸಲಿಲ್ಲ. "ಸಾಕವಾ, ಕೋಳಿ ಕರಗಿ ಹೋದೀತು" ಎಂದ ಬಂದೇನವಾಜ. "ಕುದೀಲಿ" ಎಂದಳು.

ಬುಡ್ಡೇಸಾಬ ಬಂದ. ತಡವಾಗಿಯೇ ಬಂದ. ಸಾರನ್ನು ಮತ್ತೊಮ್ಮೆ ಕುದಿ ಬರಿಸಿದರು. ತಟ್ಟೆಯ ಮುಂದೆ ಕುಳಿತವನು ಅಂಗಿಯ ಜೇಬಿನಿಂದ ಒಂದು ಓಆರ್‌ಎಸ್ ಪಾಕೀಟು ತೆಗೆದು, ಎಲ್ಲರಿಗೂ ಕಾಣುವ ಹಾಗೆ ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡ.

"ಇರಲಿ. ದಾರಿ ದೂರ ಐತಿ" ಎಂದ.

ಮಾಸುಮಬಿ ತಟ್ಟೆ ತುಂಬ ಬಡಿಸಿದಳು. ಮೊದಲ ತುತ್ತು ಅನುಮಾನದಿಂದ ಹೋಯಿತು. ಎರಡನೆಯದು ತಾನಾಗಿಯೇ ಹೋಯಿತು. ಆಮೇಲೆ ಮಾತು ನಿಂತಿತು, ರೊಟ್ಟಿ ಮುರಿಯುವ ಸಪ್ಪಳ ಮಾತ್ರ ಉಳಿಯಿತು. ಅತ್ತ ಪಡಸಾಲೆಯಲ್ಲಿ ರಾಜೇಶ್ವರಿಗೆಂದು ಬೇರೆ ಒಲೆಯಲ್ಲಿ ಮಾಡಿದ್ದ ಎಣಗಾಯಿ ಪಲ್ಯ, ಮೊಸರು. ಅವಳನ್ನು ಹಸಿವಿನಲ್ಲಿ ಕಳಿಸುವುದು ಆ ಮನೆಯಲ್ಲಿ ಸಾಧ್ಯವೇ?

ಸಂಜೆ ಬಸ್ಸು ಹೋಯಿತು. ಮಾಸುಮಬಿಗೆ ನಿದ್ದೆ ಬರಲಿಲ್ಲ. ಬೆಳಗಾದ ಮೇಲೆ ಮೂವರೂ ಚಹಾ ಹಿಡಿದು ಫೋನನ್ನು ನಡುವೆ ಇಟ್ಟುಕೊಂಡು ಕುಳಿತರು. ಬಂದೇನವಾಜನ ಕಣ್ಣು ಆಗಾಗ ಗೂಡಿನ ಕಡೆ, ಆಗಾಗ ಬಿಸಿಲಲ್ಲಿದ್ದ ಬೈಕಿನ ಕಡೆ ಹೋಗುತ್ತಿತ್ತು.

ಫೋನ್ ಹೊಡೆದುಕೊಂಡಿತು. ಜೋರಾಪುರ ಪೇಟೆ.

"ಮಾಸುಮ..." ಬುಡ್ಡೇಸಾಬನ ದನಿ ಬಾವಿಯ ತಳದಿಂದ ಬಂದ ಹಾಗಿತ್ತು. "ನನ್ನ ಹೊಟ್ಟಿ..."

ಮಾಸುಮಬಿ ಫೋನಿಗೆ ಬಾಗಿದಳು. "ಹೊಟ್ಟಿ ಏನಾತ್ರಿ ಬಾವಾರ?"

"ಹಸದೈತಿ. ಮುಂಜಾನಿ ಎದ್ದಾಗಿಂದ ನಿನ್ನ ಕೋಳಿ ಸಾರ ನೆನಪ ಮಾಡಿ ಹಸದೈತಿ. ಇವರ ಮಾಡಿದ ಉಪ್ಪಿಟ್ಟ ಇಳಿವಲ್ದು. ಮತ್ತ ಯಾವಾಗ ಕರೀತಿ?"

ಮಾಸುಮಬಿಯ ಮನೆಯಲ್ಲಿ ಉಂಡು ಹೋದವರೊಬ್ಬರು ಹಸಿವೆ ಎಂದದ್ದು ಅದೇ ಮೊದಲು. ಅವಳಿಗೆ ಅಷ್ಟು ಸಂತೋಷ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ. ಬಂದೇನವಾಜ ಎದ್ದು, ಒಂದು ಗೋಣಿಚೀಲ ಹುಡುಕಿ, ಬೈಕಿನ ಒಡೆದ ಸೀಟಿನ ಮೇಲೆ ಹಾಸಿದ. ಗೂಡು ಇದ್ದಲ್ಲೇ ಇದೆ. ಬುಡ್ಡೇಸಾಬ ಮರೆತು ಹೋದ ಓಆರ್‌ಎಸ್ ಪಾಕೀಟು ಅಡುಗೆಮನೆಯ ಗೋಡೆಯ ಮಾಡದಲ್ಲಿದೆ, ಒಡೆಯದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ಒಂದು ಗೂಡು ಇರಬಹುದು. ಅದರಲ್ಲಿ ಒಬ್ಬ ಮೆಂಬರ ಖಂಡಿತ ಇರುತ್ತಾನೆ, ಬೆಳಗ್ಗೆ ಎದ್ದು ಕೂಗಿಯೇ ಕೂಗುತ್ತಾನೆ. ಮನಸ್ಸು ಕರಗಿದರೆ ನೀರಿನ ತಟ್ಟೆ ತುಂಬಿಸಿ, ಜೋಳದ ಡಬ್ಬಿಗೆ ಕೈ ಹಾಕಬೇಡಿ. ಕೊಯ್ದ ಕೋಳಿಯನ್ನು ಒಂದೇ ಬಕೀಟಿನಲ್ಲಿ ಅದ್ದದೆ ಮೇಲಿನಿಂದ ನೀರು ಸುರಿದು ತೊಳೆಯಿರಿ. ತಕ್ಷಣ ತಂಪಿನಲ್ಲಿಡಿ, ತಂಪು ಇಲ್ಲದಿದ್ದರೆ ತಕ್ಷಣ ಒಲೆಯ ಮೇಲಿಡಿ, ಪೂರ್ತಿ ಬೇಯಿಸಿ. ಕೈಗೂ ಚೂರಿಗೂ ಸಾಬೂನು ಕಾಣಿಸಿ. ಕರುಳನ್ನು ಚರಂಡಿಗೆ ಎಸೆದು ಬೀದಿ ನಾಯಿಗಳಿಗೆ ಔತಣ ಕೊಡಬೇಡಿ, ಗುಂಡಿಗೆ ಹಾಕಿ ಮುಚ್ಚಿ. ಕಾಯಿಲೆಯ ಕೋಳಿ ಕಂಡರೆ ಚೂರಿ ಹುಡುಕುವ ಮೊದಲು ನಿಮ್ಮೂರ ಪಶುಸಖಿಯನ್ನೋ ಪಶು ಆಸ್ಪತ್ರೆಯನ್ನೋ ಹುಡುಕಿ.

ನಿಮ್ಮ ಮನೆಗೆ ಬಂದವರು ಹೊಟ್ಟೆ ತುಂಬ ಉಂಡು, ಬಸ್ಸು ಎಲ್ಲೂ ನಿಲ್ಲಿಸದೆ ಊರು ಮುಟ್ಟಲಿ. ಅದಕ್ಕಾಗಿ ಕೋಳಿ ಒಂದು ರಾತ್ರಿ ಬರೇ ನೀರು ಕುಡಿದುಕೊಂಡಿರಲಿ.